ಪ್ಲಗ್ ಇಲ್ಲದ ಕರೆಂಟ್ ಕಾರು

ಕಳೆದ ದೀಪಾವಳಿ ರಜೆಯ ಒಂದು ಮಧ್ಯಾಹ್ನ. ಊಟ ಮುಗಿಸಿ ಜಗಲಿಯ ಮೇಲೆ ಅಡ್ಡಾಗಿದ್ದೆ. ಐದನೇ ತರಗತಿಯ ಮೊಮ್ಮಗ ಓಡಿ ಬಂದು ಕೈ ಹಿಡಿದು ಎಳೆದ. ‘ಅಜ್ಜಾ, ಬಾ ಬಾ, ನಮ್ಮ ಅಂಗಳಕ್ಕೆ ವೋಲ್ವೋ ಬಂದಿದೆ!’

ನಮ್ಮ ಅಗಸೂರು ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯ ಊರು. ಹಗಲು ರಾತ್ರಿ ಲಾರಿ, ಬಸ್ಸುಗಳ ಸದ್ದು ಕೇಳಿಯೇ ಬೆಳೆದವರು ನಾವು. ವೋಲ್ವೋ ಎಂದರೆ ನನ್ನ ಮಟ್ಟಿಗೆ ಬಸ್ಸು. ಅಷ್ಟು ದೊಡ್ಡ ಬಸ್ಸು ನಮ್ಮ ಅಂಗಳಕ್ಕೆ ಹೇಗೆ ಬಂತಪ್ಪಾ ಎಂದು ಎದ್ದು ನೋಡಿದರೆ, ಅಡಿಕೆ ಒಣಹಾಕುವ ಜಾಗದಲ್ಲಿ ಎತ್ತರದ ಒಂದು ಕಾರು ನಿಂತಿತ್ತು. ಪಕ್ಕದ ಮನೆಯ ಹುಡುಗ ಅದರ ಡ್ರೈವರ್. ಬೆಂಗಳೂರಿನಲ್ಲಿ ಕೆಲಸ. ಮಾಲೀಕರ ಮನೆಯವರನ್ನು ಗೋಕರ್ಣಕ್ಕೆ ಕರೆತಂದಿದ್ದಾನೆ. ‘ನಾಳೆ ಸಂಜೆ ತನಕ ನಮಗೆ ಗಾಡಿ ಬೇಡ, ಹೋಗಿ ತಾಯಿಯನ್ನು ನೋಡಿಕೊಂಡು ಬಾ’ ಎಂದರಂತೆ ಆ ಪುಣ್ಯಾತ್ಮರು. ಅವನ ಮನೆಯ ಮುಂದೆ ಜಾಗ ಸಾಲದೆ ಗಾಡಿ ನಮ್ಮಂಗಳಕ್ಕೆ ಬಂದಿತ್ತು.

ಮೊಮ್ಮಗ ಕಾರಿನ ಸುತ್ತ ಎರಡು ಸುತ್ತು ಹಾಕಿದ. ಬಗ್ಗಿ ನೋಡಿದ. ಕೊನೆಗೆ ಕೇಳಿದ: ‘ಅಣ್ಣಾ, ಇದು ಹೈಬ್ರಿಡ್ ಅಂದೆಯಲ್ಲ. ಹಾಗಾದರೆ ಕರೆಂಟ್ ಚುಚ್ಚುವುದು ಎಲ್ಲಿ?’

‘ಇದಕ್ಕೆ ಪ್ಲಗ್ ಇಲ್ಲವೋ. ಪೆಟ್ರೋಲ್ ಹಾಕಿದರೆ ಸಾಕು. ಇದು ಮೈಲ್ಡ್ ಹೈಬ್ರಿಡ್.’

ಒಂಬತ್ತನೇ ತರಗತಿಯ ಮೊಮ್ಮಗಳು ಅಲ್ಲಿಯೇ ಬಾಯಿ ಹಾಕಿದಳು. ‘ಪ್ಲಗ್ಗೇ ಇಲ್ಲದ ಮೇಲೆ ಕರೆಂಟ್ ಎಲ್ಲಿಂದ ಬರುತ್ತದೆ? ಅಜ್ಜಾ, ಇದು ಮೋಸ ಅಲ್ಲವಾ?’

ನಲವತ್ತು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದವನು ನಾನು. ಎಂಜಿನಿಯರ್ ಅಲ್ಲ. ಆದರೆ ‘ಮೋಸ ಅಲ್ಲವಾ’ ಎಂದು ಯಾರಾದರೂ ಕೇಳಿದರೆ ಲೆಕ್ಕ ತೆಗೆಯದೆ ಬಿಡುವವನಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಮನೆಯ ಚಿಕ್ಕ ಪೆಟ್ರೋಲ್ ಕಾರು 2011ರ ಮಾರ್ಚಿನದು. ಹದಿನೈದು ವರ್ಷ ತುಂಬಿದರೆ ನೋಂದಣಿ ನವೀಕರಿಸಬೇಕು, ಇಲ್ಲವೇ ಗಾಡಿಯನ್ನು ಬಿಡಬೇಕು. ಹೊಸದು ಕೊಳ್ಳುವುದಾದರೆ ಯಾವುದು? ಪೆಟ್ರೋಲೋ, ಹೈಬ್ರಿಡ್ಡೋ, ಪೂರ್ತಿ ಕರೆಂಟಿನದೋ? ಮಗ ‘ಎಲೆಕ್ಟ್ರಿಕ್ ತೆಗೆದುಕೊಳ್ಳೋಣ’ ಎನ್ನುತ್ತಿದ್ದ. ಠೇವಣಿ ಮುರಿಯಬೇಕಾದವನು ನಾನು ಸುಮ್ಮನಿದ್ದೆ.

ಬೆಲ್ಟಿನ ಕತೆ

ಹುಡುಗ ಮಾಲೀಕರಿಗೆ ಫೋನ್ ಮಾಡಿ ಕೇಳಿ, ನಮ್ಮನ್ನು ಹೆದ್ದಾರಿಯಲ್ಲಿ ಸುಂಕಸಾಳದ ತನಕ ಒಂದು ಸುತ್ತು ಕರೆದೊಯ್ದ. ಆದರೆ ಹಿಂದಿನ ಸೀಟಿನವರೂ ಬೆಲ್ಟ್ ಹಾಕುವ ತನಕ ಗಾಡಿ ಹೊರಡಿಸಲಿಲ್ಲ.

ಮಕ್ಕಳೇ, ಈ ಬೆಲ್ಟಿಗೂ ಆ ಕಂಪನಿಗೂ ಹಳೆಯ ನಂಟಿದೆ. ಭುಜದ ಮೇಲಿಂದಲೂ ಸೊಂಟದ ಮೇಲಿಂದಲೂ ಬರುವ ಮೂರು ಬಿಂದುಗಳ ಸೀಟ್ ಬೆಲ್ಟನ್ನು 1959ರಲ್ಲಿ ರೂಪಿಸಿದವರು ಸ್ವೀಡನ್ನಿನ ವೋಲ್ವೋ ಎಂಜಿನಿಯರ್ ನಿಲ್ಸ್ ಬೋಲಿನ್. ಕಂಪನಿ ಅದರ ಪೇಟೆಂಟನ್ನು ಬಿಗಿ ಹಿಡಿಯದೆ ಎಲ್ಲ ಕಾರು ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ಇಂದು ನಮ್ಮ ಹಳೆಯ ಕಾರಿನಲ್ಲೂ ಇರುವುದು ಅದೇ ಬೆಲ್ಟು.

ಇನ್ನೊಂದು ಮಾತು. ಬಸ್ಸು, ಲಾರಿ ಮಾಡುವ ವೋಲ್ವೋ ಬೇರೆ, ಕಾರು ಮಾಡುವ ವೋಲ್ವೋ ಬೇರೆ. ಕಾರಿನ ವಿಭಾಗವನ್ನು 1999ರಲ್ಲಿ ಫೋರ್ಡ್ ಕೊಂಡಿತು. 2010ರಲ್ಲಿ ಚೀನಾದ ಗೀಲಿ ಕೊಂಡಿತು. ಹೆಸರು ಮಾತ್ರ ಒಂದೇ ಉಳಿಯಿತು. ಅವಿಭಕ್ತ ಕುಟುಂಬ ಪಾಲಾದ ಮೇಲೂ ಮನೆತನದ ಹೆಸರು ಉಳಿಯುವುದಿಲ್ಲವೇ, ಹಾಗೆ. ಆದರೂ ನಮ್ಮ ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಎರಡೂ ಮನೆಯವರು ಒಂದೇ ಅಂಗಳ ಹಂಚಿಕೊಂಡರು. ಲಾರಿ ಕಾರ್ಖಾನೆ ಅಲ್ಲಿ 1990ರ ದಶಕದ ಕೊನೆಯಿಂದಲೇ ಇತ್ತು. 2017ರಲ್ಲಿ ಅಲ್ಲಿಯೇ ಕಾರುಗಳ ಜೋಡಣೆಯೂ ಶುರುವಾಯಿತು. ಮೊದಲು ಜೋಡಿಸಿದ್ದು ಎಕ್ಸ್‌ಸಿ90. ನಮ್ಮಂಗಳದಲ್ಲಿ ನಿಂತಿದ್ದೂ ಅದೇ.

ಐದು ವರ್ಷದಲ್ಲಿ ಮೂರು ಮೆಟ್ಟಿಲು

ಅದೇ 2017ರ ಜುಲೈಯಲ್ಲಿ ಆ ಕಂಪನಿ ಒಂದು ಮಾತು ಕೊಟ್ಟಿತ್ತು: 2019ರಿಂದ ಬಿಡುಗಡೆಯಾಗುವ ಪ್ರತಿ ಹೊಸ ಮಾದರಿಯಲ್ಲೂ ಒಂದು ವಿದ್ಯುತ್ ಮೋಟಾರು ಇರುತ್ತದೆ ಎಂದು. ಆ ಮೋಟಾರು ಚಿಕ್ಕದಿರಬಹುದು, ದೊಡ್ಡದಿರಬಹುದು.

ಹೊಸಕೋಟೆಯಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಬಂತು. 2017ರಲ್ಲಿ ಅಲ್ಲಿ ಜೋಡಿಸಿದ ಎಕ್ಸ್‌ಸಿ90ಗೆ ಡೀಸೆಲ್ ಎಂಜಿನ್ನು. 2021ರ ಕೊನೆಗೆ ಡೀಸೆಲ್ ಹೋಗಿ ಪೆಟ್ರೋಲ್ ಮೈಲ್ಡ್ ಹೈಬ್ರಿಡ್ ಬಂತು. 2022ರ ಜುಲೈಯಲ್ಲಿ ಪೂರ್ತಿ ವಿದ್ಯುತ್ತಿನ ಎಕ್ಸ್‌ಸಿ40 ರೀಚಾರ್ಜ್ ಮಾರುಕಟ್ಟೆಗೆ ಬಂತು. ಅದರ ಜೋಡಣೆಯೂ ಹೊಸಕೋಟೆಯಲ್ಲೇ. ಅಂದರೆ ಡೀಸೆಲ್ಲಿನಿಂದ ಪ್ಲಗ್ಗಿನ ತನಕ ಐದೇ ವರ್ಷ. ನಡುವಿನ ಮೆಟ್ಟಿಲೇ ಈ ಪ್ಲಗ್ ಇಲ್ಲದ ಕಾರು.

ನಮ್ಮ ನಾಡಿಗೆ ಇದು ಹೊಸತಲ್ಲ ಎಂಬುದನ್ನೂ ಹೇಳಬೇಕು. ನಡುವಿನ ಮೆಟ್ಟಿಲನ್ನೇ ತುಳಿಯದೆ ಹಾರಿದ ಕಾರೊಂದು ಬೆಂಗಳೂರಿನಲ್ಲೇ ಹುಟ್ಟಿತ್ತು. ಚೇತನ್ ಮೈನಿಯವರ ‘ರೇವಾ’. 2001ರಲ್ಲಿ ಬಂದ ಪುಟಾಣಿ ಕಾರು, ಎರಡೇ ಬಾಗಿಲು, ಪೂರ್ತಿ ಕರೆಂಟು. ಆದರೆ ಸೀಸದ ಬ್ಯಾಟರಿಗಳ ಭಾರ ಹೊತ್ತು ಒಂದು ಚಾರ್ಜಿಗೆ ಎಂಬತ್ತು ಕಿಲೋಮೀಟರಿನ ಸುಮಾರಿಗೆ ಓಡುತ್ತಿತ್ತು. ಆಗ ಜನ ನಕ್ಕರು. ಇಪ್ಪತ್ತು ವರ್ಷ ಮೊದಲೇ ಹುಟ್ಟಿದ್ದು ಅದರ ತಪ್ಪು, ಅಷ್ಟೆ.

ಪಿಗ್ಮಿ ಡಬ್ಬಿ

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಪ್ಲಗ್ ಇಲ್ಲದೆ ಕರೆಂಟ್ ಎಲ್ಲಿಂದ?

ಕರಾವಳಿಯ ಅಜ್ಜಂದಿರಿಗೆ ಪಿಗ್ಮಿ ಎಂದರೆ ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗೆ ಹೇಳುತ್ತೇನೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪದ್ಧತಿ ಅದು. ಆಗ ಬ್ಯಾಂಕಿನ ಹೆಸರು ಬೇರೆ ಇತ್ತು. ಏಜೆಂಟರು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯಾದರೂ ಸರಿ, ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಿದ್ದರು. ಇಲ್ಲದಿದ್ದರೆ ಬೀಡಿಗೋ ಚಹಾಕ್ಕೋ ಹಾರಿಹೋಗುತ್ತಿದ್ದ ಚಿಲ್ಲರೆ ಅಲ್ಲಿ ಕೂಡಿ, ಮುಂದೊಂದು ದಿನ ಕೈಗೆ ಬರುತ್ತಿತ್ತು.

ಮೈಲ್ಡ್ ಹೈಬ್ರಿಡ್ ಎಂದರೆ ಕಾರಿನ ಪಿಗ್ಮಿ.

ಓಡುವ ಕಾರಿನಲ್ಲಿ ವೇಗದ ರೂಪದಲ್ಲಿ ಶಕ್ತಿ ಇರುತ್ತದೆ. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದರೆ ಆ ಶಕ್ತಿಯೆಲ್ಲ ಉಜ್ಜಿ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಪೆಟ್ರೋಲ್ ಸುಟ್ಟು ಗಳಿಸಿದ ವೇಗ, ಒಂದು ಎಮ್ಮೆ ಅಡ್ಡ ಬಂದರೆ ಬಿಸಿಗಾಳಿ. ಮೈಲ್ಡ್ ಹೈಬ್ರಿಡ್ ಕಾರಿನಲ್ಲಿ ಎಂಜಿನ್ನಿಗೆ ಬೆಲ್ಟಿನಿಂದ ಜೋಡಿಸಿದ ಒಂದು ಯಂತ್ರವಿದೆ. ಗಾಡಿ ನಿಧಾನವಾಗುವಾಗ ಅದು ಡೈನಮೊ. ಕರೆಂಟ್ ಹುಟ್ಟಿಸಿ 48 ವೋಲ್ಟಿನ ಚಿಕ್ಕ ಬ್ಯಾಟರಿಗೆ ತುಂಬುತ್ತದೆ. ಮತ್ತೆ ವೇಗ ಹಿಡಿಯುವಾಗ ಅದೇ ಮೋಟಾರು. ಕೂಡಿಟ್ಟದ್ದನ್ನು ಖರ್ಚು ಮಾಡಿ ಎಂಜಿನ್ನಿಗೆ ಹೆಗಲು ಕೊಡುತ್ತದೆ. ಸಾಮಾನ್ಯ ಕಾರಿನ ಬ್ಯಾಟರಿ 12 ವೋಲ್ಟು. ಅದರ ನಾಲ್ಕು ಪಟ್ಟು ಇದು.

ಸುಂಕಸಾಳದಲ್ಲಿ ಗಾಡಿ ನಿಂತಾಗ ಎಂಜಿನ್ ತಾನಾಗಿ ಆರಿತು. ‘ಅಯ್ಯೋ, ಬಂದ್ ಬಿತ್ತು!’ ಎಂದ ಮೊಮ್ಮಗ. ಹುಡುಗ ಬ್ರೇಕಿನಿಂದ ಕಾಲು ತೆಗೆದದ್ದೇ ತಡ, ಗುರುಗುಟ್ಟದೆ, ನಡುಗದೆ ಎಂಜಿನ್ ಎದ್ದಿತು. ಅದೂ ಆ ಬೆಲ್ಟಿನ ಯಂತ್ರದ್ದೇ ಕೆಲಸ. ಆದರೆ ಕರೆಂಟಿನಿಂದಲೇ ಗಾಡಿ ಓಡಿಸುವ ತಾಕತ್ತು ಅದಕ್ಕಿಲ್ಲ. ಎಂಜಿನ್ನಿನ ಬಲ 250 ಅಶ್ವಶಕ್ತಿ. ಈ ಸಹಾಯಕನದು ಸುಮಾರು 13. ಬಿದಡಿಯ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾಗುವ ಇನೋವಾ ಹೈಕ್ರಾಸಿನಂಥ ‘ಸ್ಟ್ರಾಂಗ್ ಹೈಬ್ರಿಡ್’ ಕಾರುಗಳಾದರೆ ಸ್ವಲ್ಪ ದೂರ ಬರೀ ಕರೆಂಟಿನಲ್ಲೂ ಓಡಬಲ್ಲವು. ಮೈಲ್ಡ್ ಎಂದರೆ ಹೆಸರೇ ಹೇಳುವಂತೆ ಸೌಮ್ಯ.

ಘಟ್ಟದ ಲೆಕ್ಕ

ಮನೆಗೆ ಬಂದ ಮೇಲೆ ಮೊಮ್ಮಗಳು ನೋಟುಪುಸ್ತಕ ತೆಗೆದಳು. ಚಲನಶಕ್ತಿಯ ಸೂತ್ರ ಅವಳ ಪಾಠದಲ್ಲಿದೆ: ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಎರಡು ಟನ್ ಕಾರು, ಗಂಟೆಗೆ 60 ಕಿಲೋಮೀಟರ್ ವೇಗ. ಉತ್ತರ ಸುಮಾರು 2,78,000 ಜೂಲ್. ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಭಾಗಿಸಿದರೆ 0.077 ಯೂನಿಟ್. ಹತ್ತು ವಾಟಿನ ಎಲ್‌ಇಡಿ ಬಲ್ಬನ್ನು ಏಳೂವರೆ ಗಂಟೆ ಉರಿಸುವಷ್ಟು ಶಕ್ತಿ ಒಂದೇ ಬ್ರೇಕಿನಲ್ಲಿ ಪೋಲು!

‘ಅದೆಲ್ಲ ಪಿಗ್ಮಿಗೆ ಬೀಳುತ್ತದಾ ಅಜ್ಜಾ?’

ಇಲ್ಲ ಮಗಾ. ಡಬ್ಬಿಯ ಬಾಯಿ ಚಿಕ್ಕದು. ಗಾಡಿ ಆರು ಸೆಕೆಂಡಿನಲ್ಲಿ ನಿಂತರೆ ಪ್ರತಿ ಸೆಕೆಂಡಿಗೆ 46,000 ಜೂಲ್ ಸುರಿಯುತ್ತದೆ. ಆ ಯಂತ್ರ ಹಿಡಿಯಬಲ್ಲದ್ದು ಸೆಕೆಂಡಿಗೆ 10,000ದ ಆಸುಪಾಸು. ಉಳಿದದ್ದು ಹಳೆಯ ದಾರಿ ಹಿಡಿದು ಬಿಸಿಯಾಗಿಯೇ ಹೋಗುತ್ತದೆ.

ಡಬ್ಬಿಯ ಹೊಟ್ಟೆಯೂ ಚಿಕ್ಕದು. ಹುಬ್ಬಳ್ಳಿಯಿಂದ ಬರುವಾಗ ಅರಬೈಲ್ ಘಟ್ಟ ಇಳಿಯುತ್ತೇವಲ್ಲ. ಎರಡು ಟನ್ ಕಾರು 300 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ 58 ಲಕ್ಷ ಜೂಲಿಗೂ ಹೆಚ್ಚು, ಅಂದರೆ ಒಂದೂವರೆ ಯೂನಿಟ್ ದಾಟುತ್ತದೆ. 48 ವೋಲ್ಟಿನ ಇಂಥ ಬ್ಯಾಟರಿಗಳಲ್ಲಿ ಹಿಡಿಯುವುದು ಸಾಮಾನ್ಯವಾಗಿ ಅರ್ಧ ಯೂನಿಟ್ ಅಥವಾ ಅದಕ್ಕೂ ಕಡಿಮೆ. ಘಟ್ಟ ಇಳಿಯುವ ಮೊದಲೇ ಡಬ್ಬಿ ತುಂಬಿ ಚೆಲ್ಲುತ್ತದೆ. ಅದೇ ಎಕ್ಸ್‌ಸಿ40 ರೀಚಾರ್ಜಿನ ಬ್ಯಾಟರಿ 78 ಯೂನಿಟ್‌ನದು. ಘಟ್ಟದ ಇಳಿಜಾರು ಕೊಡುವುದರಲ್ಲಿ ಗಾಳಿಗೆ, ರಸ್ತೆಯ ತಿಕ್ಕಾಟಕ್ಕೆ ಹೋಗಿ ಉಳಿದದ್ದರ ಬಹುಪಾಲನ್ನು ಅದು ನುಂಗಿಕೊಳ್ಳಬಲ್ಲದು. ಹತ್ತುವಾಗ ಖರ್ಚು ಮಾಡಿದ್ದರಲ್ಲಿ ಒಂದಿಷ್ಟನ್ನು ಇಳಿಯುವಾಗ ಘಟ್ಟವೇ ವಾಪಸು ಕೊಡುತ್ತದೆ. ಪಿಗ್ಮಿ ಡಬ್ಬಿಗೂ ಬ್ಯಾಂಕಿನ ತಿಜೋರಿಗೂ ಇರುವ ಅಂತರ ಅದು.

ಹಾಗಾದರೆ ಮೈಲ್ಡ್ ಹೈಬ್ರಿಡ್ಡಿನ ಉಳಿತಾಯ ಎಷ್ಟು? ಕಂಪನಿಯೇ ಹೇಳಿದ್ದು ಹೆಚ್ಚೆಂದರೆ ಶೇ. 15. ಮೊಮ್ಮಗಳು ಬರೆದಳು: ಲೀಟರಿಗೆ 10 ಕಿಲೋಮೀಟರ್ ಓಡುವ ಕಾರು ವರ್ಷಕ್ಕೆ 12,000 ಕಿಲೋಮೀಟರ್ ಓಡಿದರೆ ಬೇಕಾಗುವುದು 1,200 ಲೀಟರ್. ಶೇ. 15 ಉಳಿದರೆ 180 ಲೀಟರ್. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಆಕಾಶಕ್ಕೆ ಹೋಗುವ 414 ಕಿಲೋ ಹೊಗೆ ಉಳಿಯಿತು.

‘ಒಳ್ಳೆಯದೇ’ ಎಂದೆ.

‘ತಡೆ ಅಜ್ಜಾ. ಉಳಿದ 1,020 ಲೀಟರ್ ಸುಟ್ಟೇ ಸುಡುತ್ತದೆ. ನಮ್ಮ ಹಳೆಯ ಕಾರು ಲೀಟರಿಗೆ 16 ಓಡುತ್ತದೆ. ಅದೇ ದೂರಕ್ಕೆ 750 ಲೀಟರ್. ಒಂದು ಕೋಟಿ ಬೆಲೆಯ ಹೈಬ್ರಿಡ್ಡಿಗಿಂತ ನಮ್ಮ ತಗಡಿನ ಡಬ್ಬಿಯೇ ವಾಸಿ!’

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಡೆಬಿಟ್ಟು ಕ್ರೆಡಿಟ್ಟು ಎರಡೂ ಸರಿಯಾಗಿದ್ದವು. ಸರ್ಕಾರದ ತೆರಿಗೆಯೂ ಅವಳ ಪಕ್ಷವೇ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್ ಕಾರುಗಳಿಗೆ, ಮೈಲ್ಡ್ ಹೈಬ್ರಿಡ್ ಇದ್ದರೂ, ಶೇ. 40 ಜಿಎಸ್‌ಟಿ. ಪೂರ್ತಿ ವಿದ್ಯುತ್ ಕಾರಿಗೆ ಶೇ. 5.

ಅಸಲು ಮತ್ತು ಬಡ್ಡಿ

‘ಹಾಗಾದರೆ ಈ ನಡುವಿನ ಮೆಟ್ಟಿಲು ಎಂತಕ್ಕೆ ಬೇಕು? ನೇರ ಕರೆಂಟಿಗೇ ಹೋಗಬಾರದಾ?’ ಮೊಮ್ಮಗಳ ಮುಂದಿನ ಪ್ರಶ್ನೆ.

ನಾನು ಕೊಂಕಣ ರೈಲು ತೋರಿಸಿದೆ. ಅಂಕೋಲಾ ನಿಲ್ದಾಣದಲ್ಲಿ ಅವಳು ಚಿಕ್ಕವಳಿದ್ದಾಗ ಹತ್ತಿದ್ದು ಡೀಸೆಲ್ ಎಂಜಿನ್ನಿನ ರೈಲು. ಆ ಎಂಜಿನ್ನಿನೊಳಗೂ ಡೀಸೆಲ್ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಅದು ಕರೆಂಟ್ ಹುಟ್ಟಿಸುತ್ತದೆ, ಮೋಟಾರುಗಳು ಗಾಲಿ ತಿರುಗಿಸುತ್ತವೆ. 1998ರ ಜನವರಿ 26ರಂದು ಪೂರ್ತಿ ಮಾರ್ಗ ತೆರೆದಾಗ ತಂತಿ ಇರಲಿಲ್ಲ. ತಂತಿ ಎಳೆದು ಮುಗಿಸಿ ಮಾರ್ಗವಿಡೀ ವಿದ್ಯುತ್ತಿನದು ಎಂದು ಸಮರ್ಪಿಸಿದ್ದು 2022ರ ಜೂನ್ 20ರಂದು. ತಂತಿ ಬರುವ ತನಕ ರೈಲು ನಿಲ್ಲಿಸಿ ಕುಳಿತಿದ್ದರೆ ನಮ್ಮೂರಿನ ಎಷ್ಟು ಮಕ್ಕಳು ಮುಂಬೈ, ಮಂಗಳೂರು ನೋಡುತ್ತಿದ್ದರು?

ಅವಳು ಒಪ್ಪಿದಳು, ಅರ್ಧ. ‘ಆದರೆ ರೈಲಿನವರು ಕೊನೆಗೆ ತಂತಿ ಎಳೆದರಲ್ಲ ಅಜ್ಜಾ. ಕಾರಿನವರು ಎಳೆಯುತ್ತಾರಾ?’

ಒಳ್ಳೆಯ ಪ್ರಶ್ನೆ. ಆ ವೋಲ್ವೋ ಕಂಪನಿಯೇ 2021ರ ಮಾರ್ಚಿನಲ್ಲಿ ‘2030ಕ್ಕೆ ನಾವು ಮಾರುವುದೆಲ್ಲ ಪೂರ್ತಿ ವಿದ್ಯುತ್ ಕಾರು’ ಎಂದು ಸಾರಿತ್ತು. 2024ರ ಸೆಪ್ಟೆಂಬರಿನಲ್ಲಿ ಮಾತು ಸಡಿಲಿಸಿತು. 2030ರ ಹೊತ್ತಿಗೆ ಮಾರಾಟದಲ್ಲಿ ಶೇ. 90ರಿಂದ 100 ಭಾಗ ವಿದ್ಯುತ್ ಅಥವಾ ಪ್ಲಗ್ ಇರುವ ಹೈಬ್ರಿಡ್, ಬೇಕಾದರೆ ಶೇ. 10ರ ತನಕ ಮೈಲ್ಡ್ ಹೈಬ್ರಿಡ್ ಎಂದಿತು. ಚಾರ್ಜಿಂಗ್ ಕೇಂದ್ರಗಳು ಬೇಕಾದಷ್ಟು ಬೇಗ ಹೆಚ್ಚುತ್ತಿಲ್ಲ, ಕೆಲವು ದೇಶಗಳು ರಿಯಾಯಿತಿ ತೆಗೆದವು ಎಂಬ ಕಾರಣ ಕೊಟ್ಟಿತು. ಹಾಗೆಂದು ಹಿಂದೆಯೂ ಹೋಗಲಿಲ್ಲ. 2024ರ ಆರಂಭದಲ್ಲೇ ಕೊನೆಯ ಡೀಸೆಲ್ ಕಾರು ತಯಾರಿಸಿ ಆ ಲೆಕ್ಕ ಮುಚ್ಚಿತು.

ಬ್ಯಾಂಕಿನಲ್ಲಿ ಇಂಥ ಸಾಲಗಾರರನ್ನು ಬೇಕಾದಷ್ಟು ನೋಡಿದ್ದೇನೆ. ‘ಈ ಸಲ ಬಡ್ಡಿ ಮಾತ್ರ ಕಟ್ಟುತ್ತೇನೆ ಸಾರ್, ಅಸಲಿಗೆ ವಾಯಿದೆ ಕೊಡಿ’ ಎನ್ನುವವರು. ಅವರಲ್ಲಿ ಎರಡು ಜಾತಿ. ವಾಯಿದೆಯ ತಾರೀಖು ಬರೆದುಕೊಟ್ಟು ಆ ದಿನ ಬರುವವರು ಒಂದು. ತಾರೀಖನ್ನೇ ಬರೆಯದವರು ಇನ್ನೊಂದು. ಮೈಲ್ಡ್ ಹೈಬ್ರಿಡ್ ಎಂದರೆ ಬಡ್ಡಿ ಕಟ್ಟಿದಂತೆ. ಕಟ್ಟದೆ ಇರುವುದಕ್ಕಿಂತ ಮೇಲು. ಆದರೆ ಅಸಲು ಹಾಗೆಯೇ ನಿಂತಿರುತ್ತದೆ.

ನಮ್ಮ ಮನೆಯ ಲೆಡ್ಜರ್

ಅಂದು ರಾತ್ರಿ ಊಟಕ್ಕೆ ಕುಳಿತಾಗ ನನ್ನ ಹೆಂಡತಿ, ಅಷ್ಟು ಹೊತ್ತೂ ಸುಮ್ಮನಿದ್ದವಳು, ಬಾಯಿ ತೆರೆದಳು. ‘ಯಾವ ಕಾರಾದರೂ ತನ್ನಿ. ಆ ರಾತ್ರಿ ನೆನಪಿಟ್ಟುಕೊಂಡು ತನ್ನಿ.’

ಆ ರಾತ್ರಿ ನಮ್ಮಲ್ಲಿ ಯಾರೂ ಮರೆತಿಲ್ಲ. ಒಂದು ಮಳೆಗಾಲ, ಎರಡು ದಿನದಿಂದ ಕರೆಂಟಿಲ್ಲ, ಮೊಬೈಲ್ ಸತ್ತಿದೆ. ರಾತ್ರಿ ಹನ್ನೊಂದಕ್ಕೆ ಅವಳಿಗೆ ಎದೆ ಹಿಡಿದುಕೊಂಡಿತು. ಮಗ ಹಳೆಯ ಕಾರಿನಲ್ಲಿ ಮಲಗಿಸಿಕೊಂಡು, ಮಳೆಯಲ್ಲಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟಿಸಿದ. ಟಾಕಿಯಲ್ಲಿ ಪೆಟ್ರೋಲ್ ಇತ್ತು, ಅವಳು ಉಳಿದಳು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನೂ ನಮ್ಮ ತಾಲೂಕಿನವರು ಕಂಡಿದ್ದೇವೆ. ಯಾವ ದಾರಿ ಯಾವಾಗ ಮುಚ್ಚುತ್ತದೋ, ಎಷ್ಟು ಸುತ್ತಬೇಕೋ ಹೇಳಲಾಗದ ಊರು ನಮ್ಮದು.

ಅವಳ ಮಾತಿಗೆ ಯಾರೂ ಎದುರು ಹೇಳಲಿಲ್ಲ. ಆದರೆ ಮೊಮ್ಮಗಳು ನನ್ನ ಕಪಾಟಿನಿಂದ ಪೆಟ್ರೋಲ್ ಲೆಕ್ಕದ ಪುಸ್ತಕ ತಂದು ಇಟ್ಟಳು. ನಿವೃತ್ತನಾದರೂ ಬರೆಯುವ ಚಟ ನನಗೆ ಬಿಟ್ಟಿಲ್ಲ. ವರ್ಷದ ಮೊತ್ತ ಕೂಡಿಸಿದೆವು. ಕಾರು ಓಡಿದ್ದು 5,200 ಕಿಲೋಮೀಟರ್, ಕುಡಿದದ್ದು 325 ಲೀಟರ್. ಶಿಕ್ಷಕಿಯಾದ ಸೊಸೆ ದಿನವೂ ಶಾಲೆಗೆ ಹೋಗಿ ಬರುವ ಸ್ಕೂಟರು 6,600 ಕಿಲೋಮೀಟರ್, 147 ಲೀಟರ್. ಕಾರಿಗಿಂತ ಹೆಚ್ಚು ಓಡಿದ್ದು ಸ್ಕೂಟರು! ಅದನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಸ್ಕೂಟರಿಗೆ ಘಟ್ಟವಿಲ್ಲ, ರಾತ್ರಿಯ ಓಟವಿಲ್ಲ. ದಿನಕ್ಕೆ 30 ಕಿಲೋಮೀಟರ್, ಒಂದು ಯೂನಿಟ್ ಕರೆಂಟು ಸಾಕು. ಒಮ್ಮೆ ತುಂಬಿದರೆ ಮೂರು ದಿನ ಓಡುತ್ತದೆ. ಎರಡು ದಿನ ಕರೆಂಟ್ ಹೋದರೂ ಚಿಂತೆಯಿಲ್ಲ.

ಜನವರಿಯಲ್ಲಿ ಕರೆಂಟಿನ ಸ್ಕೂಟರು ಬಂತು. ಠೇವಣಿಯ ಚಿಕ್ಕ ತುಂಡು ಮುರಿದರೆ ಸಾಕಾಯಿತು. ಮಾರ್ಚಿನಲ್ಲಿ ಹಳೆಯ ಕಾರಿನ ನೋಂದಣಿ ಐದು ವರ್ಷಕ್ಕೆ ನವೀಕರಿಸಿದೆವು. ಮೊಮ್ಮಗಳು ಲೆಕ್ಕ ಮುಗಿಸಿ ಓದಿದಳು: ‘472ರಲ್ಲಿ 147 ಲೀಟರ್ ಹೋಯಿತು, ಶೇ. 31. ಕೋಟಿಯ ಕಾರು ಉಳಿಸುವುದು ಶೇ. 15. ನಮ್ಮ ಮನೆಯೇ ಒಂದು ಹೈಬ್ರಿಡ್ ಅಜ್ಜಾ!’

ಆ ಒಂದು ಯೂನಿಟ್ ಕರೆಂಟ್ ಹೊಗೆಯಿಲ್ಲದೆ ಬರುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮ ಜಿಲ್ಲೆಯ ಕಾಳಿ ನದಿಯ ನೀರಿನದೂ ಇರಬಹುದು, ಕೈಗಾದ ಅಣುಸ್ಥಾವರದ್ದೂ ಇರಬಹುದು, ರಾಯಚೂರಿನ ಕಲ್ಲಿದ್ದಲಿನದೂ ಇರಬಹುದು. ಎಲ್ಲವೂ ಒಂದೇ ತಂತಿಯಲ್ಲಿ ಬರುತ್ತವೆ. ಮಕ್ಕಳೇ, ಆ ತಂತಿಯನ್ನು ಚೊಕ್ಕ ಮಾಡುವ ಕೆಲಸ ನಿಮ್ಮ ಕಾಲಕ್ಕೆ ಉಳಿದಿದೆ.

ಒಂದು ಮಾತು ಬಾಕಿ. ನೋಂದಣಿ ಮಾಡಿಸಿ ಬಂದ ದಿನ ಮೊಮ್ಮಗಳು ನನ್ನ ಲೆಡ್ಜರಿನ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ‘ವಾಯಿದೆ: ಮಾರ್ಚ್ 2031’ ಎಂದು ಬರೆದು, ‘ಸಾಲಗಾರರ ಸಹಿ’ ಎಂದು ಗೆರೆ ಎಳೆದು ಪೆನ್ನು ಮುಂದೆ ಹಿಡಿದಳು. ಆಗ ನನಗೆ ಎಂಬತ್ತರ ಹತ್ತಿರ. ಇರುತ್ತೇನೋ ಇಲ್ಲವೋ ಎಂದು ಕೈ ತಡೆಯಿತು.

‘ಹಾಕಿ, ಹಾಕಿ’ ಎಂದಳು ನನ್ನ ಹೆಂಡತಿ ಒಳಗಿನಿಂದ. ‘ಜಾಮೀನಿಗೆ ನಾನಿದ್ದೇನೆ. ಹೊಸ ಕಾರು ಬಂದಾಗ ಮುಂದಿನ ಸೀಟು ಮಾತ್ರ ನನ್ನದು.’

ಸಹಿ ಹಾಕಿದೆ.